ಕಲ್ಲು ಇದ್ದಲ್ಲಿ ಗಡಿ

“ಅದೇನು ಮದುಮಗಳ ಸೊಂಟ ಹಿಡ್ಕೊಂಡಂಗೆ ಹಿಡ್ಕೊಂಡಿದೀರಿ, ಸನ್ನೆ ಹಾಕ್ರೋ ಬೋಳಿಮಕ್ಳಾ,” ಎಂದು ಮೇಸ್ತ್ರಿ ಬಂಡೆಯ ಮೇಲಿನಿಂದ ಕೂಗಿದ. “ಒಂದು ಕಲ್ಲು ಕೀಳೋಕೆ ಅರ್ಧ ದಿನ. ನಿಮ್ಮಪ್ಪ ನೆಟ್ಟಿದ್ದೇನೋ ಅನ್ನೋ ಹಾಗೆ ಮುಖ ಬೇರೆ.”

ಸನ್ನೆ ಹಾಕಿದ್ದವಳು ಮೊಂಡಿ. ಹಾರೆಯ ಚೂಪನ್ನು ಕಲ್ಲಿನ ಬುಡಕ್ಕೆ ಕೊಟ್ಟು, ಇನ್ನೊಂದು ತುದಿಗೆ ಮೈಭಾರವನ್ನೆಲ್ಲ ಹಾಕಿ ನೇತುಬಿದ್ದಿದ್ದಳು. ಎದುರು ಮಗ್ಗುಲಲ್ಲಿ ಅವಳ ನಾದಿನಿ ಇನ್ನೊಂದು ಹಾರೆ ಹಿಡಿದಿದ್ದಳು. ಮೊಂಡಿಯ ಗಂಡ ಇದೇ ಕ್ವಾರಿಯಲ್ಲಿ ಬಂಡೆ ಜಾರಿ ಸತ್ತ ಮೇಲೆ ಅತ್ತಿಗೆ ನಾದಿನಿ ಇಬ್ಬರೇ ಒಂದು ತಗಡಿನ ಶೆಡ್ಡಿನಲ್ಲಿದ್ದರು. ಕಲ್ಲು ಸೊಂಟದೆತ್ತರದ ಉರುಟು ಕಂಬ. ಮೈಗೆ ಬಿಳಿ ಬಣ್ಣ, ತಲೆಗೆ ಕೆಂಪು. ಒಂದು ಮಗ್ಗುಲಿಗೆ ಈ ರಾಜ್ಯದ ಹೆಸರು, ಇನ್ನೊಂದು ಮಗ್ಗುಲಿಗೆ ಆ ರಾಜ್ಯದ ಹೆಸರು ಕೆತ್ತಿದ್ದರು.

“ಮೇಸ್ತ್ರಿ, ಇದು ಸರ್ಕಾರದ ಕಲ್ಲಲ್ವಾ?” ಎಂದು ನಾದಿನಿ ಏದುಸಿರಿನಲ್ಲೇ ಕೇಳಿದಳು.

“ಸರ್ಕಾರವೇ ಹೇಳಿರೋದು. ಹೊಸದಾಗಿ ಅಳತೆ ಆಗಿದೆ. ಗಡಿ ಅಲ್ಲಿಗೆ ಹೋಗಿದೆ.”

ಮೇಸ್ತ್ರಿ ಕೈ ತೋರಿಸಿದ ಕಡೆ ಒಳ್ಳೆಯ ಬಂಡೆಯಿತ್ತು. ಬಿರುಕಿಲ್ಲದ್ದು, ಆನೆಯ ಬೆನ್ನಿನಂತೆ ನುಣ್ಣಗೆ ಉಬ್ಬಿದ್ದು. ಈ ಕಡೆಯ ಬಂಡೆಯನ್ನು ಕ್ರಷರ್ ಆಗಲೇ ತಿಂದು ಮುಗಿಸಿತ್ತು. ಉಳಿದಿದ್ದು ಹಸಿರು ನೀರು ನಿಂತ ಗುಂಡಿಗಳು ಮಾತ್ರ.

“ಗಡಿ ಹೆಂಗೆ ಹೋಗುತ್ತೆ, ಅದಕ್ಕೇನು ಕಾಲಿದ್ಯಾ?”

“ಕಲ್ಲು ಎಲ್ಲಿದ್ಯೋ ಗಡಿ ಅಲ್ಲಿ. ನಿನಗ್ಯಾಕೆ ಅದರ ಉಸಾಬರಿ? ಎತ್ತು.”

“ಹಂಗಾದ್ರೆ ಇನ್ನೊಂಚೂರು ಮುಂದಕ್ಕೆ ಹೂಳೋಣ ಬಿಡಿ. ನಮ್ಮತ್ತಿಗೆ ತವರು ಈ ಕಡೆಗೇ ಬಂದ್ಬಿಡ್ಲಿ. ಅಮ್ಮನ ಮುಖ ನೋಡೋಕೆ ನಡತೆ ಸಾಹೇಬ್ರ ಕಾಲು ಹಿಡಿಯೋದು ತಪ್ಪುತ್ತೆ.”

ಹಾರೆ ಹಿಡಿದವರೆಲ್ಲ ನಕ್ಕರು. ಮೊಂಡಿಯೂ ನಕ್ಕಳು. ನಕ್ಕಾಗ ಹಿಡಿತ ಸಡಿಲಿ ಕಲ್ಲು ಮತ್ತೆ ಗುಂಡಿಗೆ ಕೂತಿತು. ಮೇಸ್ತ್ರಿ ಅವರೆಲ್ಲರ ತಾಯಂದಿರನ್ನೂ ಒಬ್ಬೊಬ್ಬರಾಗಿ ನೆನೆಸಿಕೊಂಡ. ಕೊನೆಗೆ ಕಲ್ಲು ಎದ್ದಿತು. ಅಡ್ಡ ಮಲಗಿಸಿ, ಉರುಳಿಸಿಕೊಂಡು ಹೋಗಿ, ಆನೆಬೆನ್ನಿನ ಆಚೆ ತುದಿಯಲ್ಲಿ ಗುಂಡಿ ತೋಡಿ ನೆಟ್ಟರು. ಬುಡಕ್ಕೆ ಜಲ್ಲಿ ಸುರಿದು ಗುದ್ದಿ ಬಿಗಿ ಮಾಡಿದವಳು ಮೊಂಡಿಯೇ. ಅಲ್ಲಿಂದ ತಾಯಿಯ ಊರು ಇನ್ನಷ್ಟು ಚೆನ್ನಾಗಿ ಕಾಣುತ್ತಿತ್ತು. ಆ ದಿನ ಅವಳಿಗೆ ಅದೇ ಒಂದು ಲಾಭವೆನಿಸಿತ್ತು.

ಮೊಂಡಿ ಎಂಬುದು ಹೆತ್ತವಳೇ ಇಟ್ಟ ಅಡ್ಡಹೆಸರು. ಅವಳು ನಡತೆ ಸಾಹೇಬರ ಕೈಗೆ ಸಿಕ್ಕಿದ್ದೂ ಆ ಮೊಂಡುತನದಿಂದಲೇ. ಹಿಂದಿನ ಬೇಸಿಗೆಯಲ್ಲಿ ಕ್ವಾರಿಯ ಧಣಿ ನೀರಿನ ತೊಟ್ಟಿಗೆ ಬೀಗ ಹಾಕಿಸಿದ್ದ. ತೊಟ್ಟಿಯ ನೀರು ಯಂತ್ರಕ್ಕೆ, ಆಳುಗಳು ಬೇಕಾದರೆ ಕೆರೆಗೆ ಹೋಗಿ ಕುಡಿಯಲಿ ಎಂದ. ಕೆರೆ ಕ್ವಾರಿಯಿಂದ ದೂರ, ಹೋಗಿ ಬಂದರೆ ಕೂಲಿಯಲ್ಲಿ ಕಡಿತ. ಒಂದು ಮಧ್ಯಾಹ್ನ ಸಿಡಿಮದ್ದಿಗೆ ಬಂಡೆಯಲ್ಲಿ ಕುಳಿ ಹೊಡೆಯುತ್ತಿದ್ದ ಮುದುಕ ನಾಲಿಗೆ ಹೊರಚಾಚಿಕೊಂಡು ಬಿದ್ದ. ಮೊಂಡಿ ಎದ್ದು ಹೋಗಿ ಸುತ್ತಿಗೆಯಿಂದ ಬೀಗ ಒಡೆದಳು. ತಡೆಯಲು ಬಂದ ಮೇಸ್ತ್ರಿಯ ಕಾಲ್ಬೆರಳ ಮೇಲೂ ಸುತ್ತಿಗೆ ಬಿತ್ತು. ತಾನಾಗಿ ಬಿತ್ತು ಎಂದು ಅವಳು ಕೋರ್ಟಿನಲ್ಲಿ ಹೇಳಿದಳು, ಯಾರೂ ನಂಬಲಿಲ್ಲ. ಒಂದು ವರ್ಷದ ಸಜೆ ಎಂದರು. ಮೊದಲ ತಪ್ಪು, ಹೆಂಗಸು, ಸದ್ಯಕ್ಕೆ ಸಜೆ ಪಕ್ಕಕ್ಕಿರಲಿ, ನಡತೆ ನೋಡೋಣ ಎಂದು ಪ್ರೊಬೇಷನ್ ಮೇಲೆ ಬಿಟ್ಟರು. ತಿಂಗಳಿಗೊಮ್ಮೆ ಪ್ರೊಬೇಷನ್ ಅಧಿಕಾರಿಯ ಮುಂದೆ ನಿಲ್ಲಬೇಕು, ಕೆಲಸ ಬಿಡಬಾರದು, ಜಗಳ ಕಾಯಬಾರದು, ಅಪ್ಪಣೆಯಿಲ್ಲದೆ ರಾಜ್ಯ ಬಿಟ್ಟು ಹೋಗಬಾರದು. ಒಂದು ತಪ್ಪಿದರೂ ಪಕ್ಕಕ್ಕಿಟ್ಟ ಸಜೆ ಎದ್ದು ಬರುತ್ತದೆ.

ಇದಕ್ಕೆಲ್ಲ ಆಸ್ತಿಯಿರುವ ಮರ್ಯಾದಸ್ಥರೊಬ್ಬರ ಜಾಮೀನು ಬೇಕು ಎಂದರು. ಶೆಡ್ಡುಗಳ ಸಾಲಿನಲ್ಲಿ ಆಸ್ತಿ ಎಂದರೆ ಪಾತ್ರೆ, ಮರ್ಯಾದೆ ಎಂದರೆ ಬಾಗಿಲಿಗೆ ಕಟ್ಟಿದ ಗೋಣಿತಾಟು. ಆಗ ಧಣಿಯೇ ಎದ್ದು ನಿಂತು ಕೈಮುಗಿದ. “ನಮ್ಮ ಹುಡುಗೀನೇ ಸ್ವಾಮಿ. ತಪ್ಪು ಮಾಡಿದಾಳೆ, ತಿದ್ಕೋತಾಳೆ. ನಾನೇ ನಿಲ್ತೀನಿ ಜಾಮೀನು.” ಕೋರ್ಟಿನಲ್ಲಿದ್ದವರೆಲ್ಲ ಅವನ ದೊಡ್ಡ ಮನಸ್ಸನ್ನು ಹೊಗಳಿದರು. ಅಂದಿನಿಂದ ಮೊಂಡಿ ಬೇರೆ ಕ್ವಾರಿಗೆ ಹೋಗುವಂತಿಲ್ಲ, ಕೂಲಿ ಕಮ್ಮಿಯಾಯಿತು ಎನ್ನುವಂತಿಲ್ಲ, ಮೇಸ್ತ್ರಿ ಮೈಮೇಲೆ ಬಂದರೆ ಕೈಯೆತ್ತುವಂತಿಲ್ಲ.

ಪ್ರೊಬೇಷನ್ ಮುಗಿಯಲು ಇನ್ನು ಕೆಲವೇ ತಿಂಗಳು ಉಳಿದಿದ್ದವು. ಮುಗಿದ ದಿನವೇ ನಾದಿನಿಯ ಕೈ ಹಿಡಿದು ಈ ದೂಳಿನಿಂದ ಹೊರಟುಬಿಡುವುದೆಂದು ಅವಳು ಲೆಕ್ಕ ಹಾಕಿದ್ದಳು. ಅದಕ್ಕಾಗಿ ಹಲ್ಲು ಕಚ್ಚಿಕೊಂಡಿದ್ದಳು.

ಹೋಗಲಾಗದ್ದರಿಂದ ತಾಯಿ ಮಗಳು ಒಂದು ಏರ್ಪಾಡು ಮಾಡಿಕೊಂಡಿದ್ದರು. ತಾಯಿ ಬೆಳಗ್ಗೆ ತನ್ನ ನೀಲಿ ಸೀರೆಯನ್ನು ಮಾಡಿನ ಮೇಲಿನ ಹಗ್ಗಕ್ಕೆ ಹರವುತ್ತಿದ್ದಳು, ಸಂಜೆ ತೆಗೆಯುತ್ತಿದ್ದಳು. ಒಗೆದಿರಲಿ ಬಿಡಲಿ, ಸೀರೆ ಹಗ್ಗಕ್ಕೆ ಬರಬೇಕು. ಬಂತೆಂದರೆ ಮುದುಕಿ ಎದ್ದಿದ್ದಾಳೆ, ಓಡಾಡಿಕೊಂಡಿದ್ದಾಳೆ. ಬಂಡೆಯ ಮೇಲೆ ಕೂತ ಮಗಳು ಸುತ್ತಿಗೆ ಕೆಳಗಿಟ್ಟು ಒಂದು ಸಲ ಅತ್ತ ನೋಡಿ ಮತ್ತೆ ಕಲ್ಲಿಗೆ ಬಗ್ಗುತ್ತಿದ್ದಳು.

ಒಂದು ಸಂಜೆ ಸೀರೆ ಹಗ್ಗದ ಮೇಲೇ ಉಳಿಯಿತು. ಮರುದಿನವೂ ಅಲ್ಲೇ ಇತ್ತು.

*

ಪ್ರೊಬೇಷನ್ ಅಧಿಕಾರಿಯನ್ನು ಶೆಡ್ಡಿನವರು ನಡತೆ ಸಾಹೇಬ ಎಂದೇ ಕರೆಯುತ್ತಿದ್ದರು. ಅವನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಬಾಗಿಲ ಪಕ್ಕ ಒಂದು ಬೆಂಚು. ಬೆಂಚಿನ ಮೇಲೆ ಹಳೆಯ ಕಡತಗಳು ಕೂತಿರುತ್ತಿದ್ದವು, ಆದ್ದರಿಂದ ಬಂದವರು ನಿಂತಿರುತ್ತಿದ್ದರು.

“ಏನು ಸುತ್ತಿಗೆ, ಈ ತಿಂಗಳು ಯಾರ ಕಾಲು ಮುರಿದೆ?” ಎಂದ ಸಾಹೇಬ, ತಲೆಯೆತ್ತದೆ. ಅದು ಅವನ ಮಾಮೂಲಿ ತಮಾಷೆ. ಆಮೇಲೆ ಫೋನು ತೆಗೆದು ಧಣಿಗೆ ಹಚ್ಚಿದ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. “ನಿಮ್ಮ ಹುಡುಗಿ ಬಂದಿದಾಳೆ. ನಡತೆ ಹೇಗಿದೆ?”

“ಪರವಾಗಿಲ್ಲ ಸಾರ್,” ಎಂದಿತು ಧಣಿಯ ದನಿ. “ಬಾಯಿ ಸ್ವಲ್ಪ ಜಾಸ್ತಿ. ಮೊನ್ನೆ ಚಪ್ಪಲಿ ಕೇಳಿದ್ಲು. ಬಿಸಿಲಿಗೆ ಕಾಲು ಸುಡುತ್ತಂತೆ. ಮಹಾರಾಣಿ.”

ಸಾಹೇಬ ನಕ್ಕ. ಮೂಲೆಯ ಮೇಜಿನಲ್ಲಿದ್ದ ಗುಮಾಸ್ತನೂ ನಕ್ಕ. ಮೊಂಡಿ ತನ್ನ ಪಾದ ನೋಡಿಕೊಂಡಳು. ಫೋನು ಸಾಹೇಬನ ಜೇಬಿಗೆ ಹೋದ ಮೇಲೆ ಬಾಯಿಬಿಟ್ಟಳು.

“ಸಾಹೇಬ್ರೇ, ಅಮ್ಮನಿಗೆ ಜೋರಾಗಿದೆ. ಅಣ್ಣ ಬಂದು ಹೇಳ್ಹೋದ. ಒಂದು ಸಲ ಹೋಗಿ ನೋಡ್ಕೊಂಡು, ಕತ್ತಲಾಗೋದ್ರೊಳಗೆ ಬಂದ್ಬಿಡ್ತೀನಿ.”

“ಎಲ್ಲಿ?”

“ಗಡಿ ಆಚೆ. ಕೆಳಗೇ ಊರು.”

“ಅರ್ಜಿ ಕೊಡು. ನಾನು ಕೋರ್ಟಿಗೆ ಕಳಿಸ್ತೀನಿ. ಕೋರ್ಟು ಆ ರಾಜ್ಯದ ಆಫೀಸಿಗೆ ಬರೆಯುತ್ತೆ. ಅಲ್ಲಿನ ಅಧಿಕಾರಿ ನಿಮ್ಮಮ್ಮನ್ನ ಕಣ್ಣಾರೆ ನೋಡಿ, ಕಾಯಿಲೆ ನಿಜ ಅಂತ ವರದಿ ಕೊಡಬೇಕು. ಆಮೇಲೆ ನೋಡೋಣ.”

“ಅಷ್ಟರಲ್ಲಿ ಅವಳು ಸತ್ರೆ?”

ಸಾಹೇಬ ಯೋಚಿಸಿದ. ತಮಾಷೆಗಲ್ಲ, ನಿಜವಾಗಿಯೇ ಯೋಚಿಸಿದ. “ಸತ್ರೆ ಅರ್ಜೀಲಿ ಕಾರಣ ಬದಲಾಯಿಸಬೇಕಾಗುತ್ತೆ.”

“ಸಾಹೇಬ್ರೇ, ಬಂಡೆ ಮೇಲೆ ನಿಂತ್ರೆ ಮನೆ ಕಾಣುತ್ತೆ.”

“ಚಂದ್ರನೂ ಕಾಣ್ತಾನೆ. ನೋಡಮ್ಮ, ನನಗೇನು ನಿನ್ನ ಮೇಲೆ ಹಗೆಯಿಲ್ಲ. ಆದ್ರೆ ನೀನು ಅತ್ತ ಕಾಲಿಟ್ಟೆ ಅಂತ ಗೊತ್ತಾದ್ರೆ ಸಾಕು, ನಾನೇ ನಿನ್ನ ಒಳಗೆ ಹಾಕಿಸ್ಬೇಕಾಗುತ್ತೆ. ಒಂದು ಹೆಜ್ಜೆ ಇಟ್ರೂ ಅಷ್ಟೇ, ಊರಿಡೀ ಸುತ್ತಿದ್ರೂ ಅಷ್ಟೇ. ಹೋಗು, ಕೆಲಸ ನೋಡ್ಕೋ.”

ಧಣಿಯನ್ನೂ ಕೇಳಿದಳು. ಅವನು ಕಾರಿನ ಕಿಟಕಿ ಅರ್ಧ ಇಳಿಸಿ, “ನಾನು ಜಾಮೀನು ನಿಂತಿರೋದು ನಿನ್ನ ತವರುಮನೆ ಓಡಾಟಕ್ಕಲ್ಲ,” ಎಂದು ಮತ್ತೆ ಏರಿಸಿದ.

*

ಅಣ್ಣ ಮತ್ತೆ ಬಂದ. ಅವನು ಗಾರೆ ಕೆಲಸದವನು, ಮೊಣಕಾಲವರೆಗೆ ಸಿಮೆಂಟು. ಕಲ್ಲಿನ ಆಚೆ ಅವನು ನಿಂತ, ಈಚೆ ಇವಳು ನಿಂತಳು. ಕಲ್ಲಿನ ಕೆಂಪು ತಲೆಯ ಮೇಲೆ ಇಬ್ಬರೂ ಕೈಯಿಟ್ಟುಕೊಂಡಿದ್ದರು.

“ಅಮ್ಮ ಕೇಳ್ತಾಳೆ,” ಎಂದ ಅಣ್ಣ. “ಕಾಣೋ ದೂರದಲ್ಲಿದ್ದೂ ಬರೋಕೆ ಅವಳಿಗೇನು ರೋಗ ಅಂತ.”

“ನೀನೇನು ಹೇಳ್ದೆ?”

“ಏನು ಹೇಳ್ಲಿ? ಸರ್ಕಾರ ಅಂದ್ರೆ ಅವಳಿಗೆ ಅರ್ಥ ಆಗುತ್ತಾ? ‘ನನ್ನ ಮಗಳು ಮೊಂಡಿ, ಯಾರ ಮಾತೂ ಕೇಳಲ್ಲ, ಬರ್ತಾಳೆ’ ಅಂತಾಳೆ.”

ಪಕ್ಕದಲ್ಲಿದ್ದ ನಾದಿನಿ ಅತ್ತ ಇತ್ತ ನೋಡಿದಳು. ಮೇಸ್ತ್ರಿ ಕಂಪ್ರೆಸರ್ ಹತ್ತಿರ ಯಾರನ್ನೋ ಬೈಯುತ್ತಿದ್ದ. “ಹೋಗ್ಬಿಡು ಅತ್ತಿಗೆ. ನಾನು ಮೇಸ್ತ್ರಿಗೆ ಏನಾದ್ರೂ ಹೇಳ್ತೀನಿ. ಹೊಟ್ಟೆ ಕೆಟ್ಟಿದೆ ಅಂತೀನಿ. ಹೊಟ್ಟೆ ಕೆಟ್ಟವಳ ಹಿಂದೆ ಅವನೇನು ಬರಲ್ಲ.”

ಮೊಂಡಿ ಕಾಲೆತ್ತಿದಳು. ಕಲ್ಲಿನಾಚೆ ಒಣಹುಲ್ಲು, ಒಂದು ಹಳೆಯ ಚಪ್ಪಲಿ, ಇಳಿಜಾರು, ಕೆಳಗೆ ಬತ್ತಿದ ಹಳ್ಳ, ಅದರಾಚೆ ತಗಡಿನ ಮಾಡುಗಳು. ಹಗ್ಗದ ಮೇಲೆ ನೀಲಿ ಸೀರೆ. ಎತ್ತಿದ ಕಾಲನ್ನು ಎಲ್ಲಿಂದ ಎತ್ತಿದ್ದಳೋ ಅಲ್ಲೇ ಇಟ್ಟಳು. ತಾನು ಒಳಗೆ ಹೋದರೆ ನಾದಿನಿ ಆ ಶೆಡ್ಡಿನಲ್ಲಿ ಒಬ್ಬಳೇ. ಬಾಗಿಲಿಗೆ ಗೋಣಿತಾಟು. ಮೇಸ್ತ್ರಿ ಎಂಥವನೆಂದು ಹೇಳಬೇಕಾಗಿರಲಿಲ್ಲ.

“ಆಗಲ್ಲ ಕಣೋ ಅಣ್ಣ.”

“ಹಂಗಾದ್ರೆ ಅವಳನ್ನೇ ಹೊತ್ಕೊಂಡು ಬರ್ತೀನಿ. ಬೆಳಗ್ಗೆ ನಾಲ್ಕು ಜನ ಸೇರಿಸಿ, ಮಂಚದ ಮೇಲೆ ಮಲಗಿಸ್ಕೊಂಡು ಇಲ್ಲೀವರೆಗೂ ತರ್ತೀನಿ. ನೀನು ಇಲ್ಲೇ ನಿಂತಿರು. ಅವಳು ಆ ಕಡೆ, ನೀನು ಈ ಕಡೆ. ಅದಕ್ಕೂ ಸಜೆ ಇದ್ರೆ ನೋಡೇಬಿಡೋಣ.”

“ಮಂಚ ಅಲುಗಾಡದ ಹಾಗೆ ತಗೊಂಬಾ.”

“ನನಗೆ ಹೇಳ್ಕೊಡ್ತೀಯಾ,” ಎಂದು ಅಣ್ಣ ಇಳಿದು ಹೋದ.

ಬೆಳಗ್ಗೆ ಮೊಂಡಿ ಎಲ್ಲರಿಗಿಂತ ಮೊದಲು ಬಂಡೆಗೆ ಬಂದಳು. ತಲೆ ಬಾಚಿದ್ದಳು. ಕೂತು ಜಲ್ಲಿ ಒಡೆಯುತ್ತಲೇ ಕೆಳಗೆ ನೋಡುತ್ತಿದ್ದಳು. ಬಿಸಿಲು ಏರುವ ಹೊತ್ತಿಗೆ ಮನೆಯ ಮುಂದೆ ಜನ ಕಂಡರು. ಮಂಚ ಹೊರಗೆ ಬಂತು. “ಬಂದ್ರು, ಬಂದ್ರು ಕಣೇ,” ಎಂದು ಸುತ್ತಿಗೆ ಬಿಸಾಡಿ ಕಲ್ಲಿನ ಹತ್ತಿರ ಓಡಿದಳು. ಸೆರಗಿನಿಂದ ಮುಖದ ದೂಳು ಒರೆಸಿಕೊಂಡಳು. ಅಮ್ಮನಿಗೆ ಗುರುತು ಸಿಗಬೇಕಲ್ಲ.

ಮಂಚ ಹೊತ್ತವರು ನಿಧಾನವಾಗಿ ನಡೆದರು. ಹಳ್ಳದ ದಂಡೆಗೆ ಬಂದರು. ಅಲ್ಲಿಂದ ಬಂಡೆಯ ದಾರಿ ಬಲಕ್ಕೆ. ಮಂಚ ಎಡಕ್ಕೆ ತಿರುಗಿತು.

ಎಡಕ್ಕಿದ್ದದ್ದು ಮಣ್ಣು ಮಾಡುವ ಜಾಗ.

ಅವಳು ಕಲ್ಲು ಹಿಡಿದುಕೊಂಡು ನಿಂತೇ ಇದ್ದಳು. ಗುಂಡಿ ತೋಡುವುದು ಕಂಡಿತು. ಒಬ್ಬ, ಅಣ್ಣನೇ ಇರಬೇಕು, ಬಂಡೆಯ ಕಡೆ ತಿರುಗಿ ತುಂಬ ಹೊತ್ತು ನೋಡಿದ. ಇವಳು ಕೈಯೆತ್ತಿದಳು. ಅವನಿಗೆ ಕಂಡಿತೋ ಇಲ್ಲವೋ.

ಹಿಂದಿನಿಂದ ಮೇಸ್ತ್ರಿ ಕುಂಟುತ್ತ ಬಂದ. “ಇದೇನು, ಸಿನಿಮಾ ಬಿಟ್ಟಿದಾರಾ ಇಲ್ಲಿ?”

“ನಮ್ಮತ್ತಿಗೆ ಅಮ್ಮ ಹೋದ್ರು,” ಎಂದಳು ನಾದಿನಿ.

ಮೇಸ್ತ್ರಿ ಕೆಳಗೆ ಇಣುಕಿದ. “ಹೋದವರು ಹೋದ್ರು. ಲಾರಿ ನಿಂತಿದೆ. ಅಳೋದಿದ್ರೆ ಕೂತ್ಕೊಂಡು ಅಳು, ಕೈಗೇನಾಗಿದೆ?”

ಮೊಂಡಿ ಅಳಲಿಲ್ಲ. ಹೋಗಿ ಕೂತಳು. ಸಂಜೆಯವರೆಗೂ ಒಡೆದಳು. ಅವಳು ಅಂದು ಒಡೆದ ಜಲ್ಲಿ ಯಾವ ಅಳತೆಗೂ ಬರುವಂತಿರಲಿಲ್ಲ, ಪುಡಿಯಾಗಿತ್ತು. ಮೇಸ್ತ್ರಿ ಅದಕ್ಕೆ ಕೂಲಿ ಹಿಡಿದ.

*

ಮಣ್ಣು ಇನ್ನೂ ಒಣಗಿರಲಿಕ್ಕಿಲ್ಲ, ಅಷ್ಟರಲ್ಲಿ ಕೆಳಗಿನಿಂದ ಎರಡು ಜೀಪು ಹತ್ತಿ ಬಂದವು. ಆ ರಾಜ್ಯದ ಗಣಿ ಇಲಾಖೆಯವರು, ಜೊತೆಗೆ ಅಲ್ಲಿನ ಪೊಲೀಸರು. ಮುಕ್ಕಾಲಿಯ ಮೇಲೆ ದುರ್ಬೀನಿನಂಥ ಯಂತ್ರ ನಿಲ್ಲಿಸಿ ಒಬ್ಬ ಕಣ್ಣಿಟ್ಟ, ಇನ್ನೊಬ್ಬ ಕೋಲು ಹಿಡಿದು ಓಡಾಡಿದ. ಆಮೇಲೆ ಸುಣ್ಣದ ಪುಡಿ ಸುರಿಯುತ್ತ ಗೆರೆ ಎಳೆದರು. ಗೆರೆ ಗಡಿಕಲ್ಲಿನ ಹತ್ತಿರವೂ ಸುಳಿಯಲಿಲ್ಲ. ಕೂತವರ ಬೆನ್ನ ಹಿಂದೆ, ಎಷ್ಟೋ ಹಿಂದೆ, ಹಳೆಯ ಗುಂಡಿಗಳ ಅಂಚಿನಲ್ಲಿ, ಅಂದು ಕಲ್ಲು ಕಿತ್ತ ಜಾಗದ ಮೇಲೇ ಹಾದುಹೋಯಿತು.

“ಯಾರ ಅಪ್ಪಣೆ ಮೇಲೆ ನಮ್ಮ ರಾಜ್ಯದಲ್ಲಿ ಕಲ್ಲು ಒಡೀತಿದೀರಿ?” ಎಂದ ಅಧಿಕಾರಿ.

“ನಿಮ್ಮ ರಾಜ್ಯ ಅಲ್ಲಿ,” ಎಂದಳು ಮೊಂಡಿ, ಕೂತಲ್ಲಿಂದಲೇ. “ಕಲ್ಲಿನಾಚೆ.”

“ಆ ಕಲ್ಲನ್ನ ಅಲ್ಲಿ ಯಾರು ನೆಟ್ರು?”

ಎಲ್ಲರೂ ಮೇಸ್ತ್ರಿಗಾಗಿ ಹುಡುಕಿದರು. ಮೇಸ್ತ್ರಿ ಎಂಬ ಪ್ರಾಣಿ ಆ ಬಂಡೆಯ ಮೇಲೆ ಎಂದಾದರೂ ಇತ್ತೆ ಎಂಬಂತೆ ಮಾಯವಾಗಿದ್ದ.

“ಹೊಸ ಅಳತೆ ಆಗಿದೆ ಅಂದ್ರು,” ಎಂದಳು ನಾದಿನಿ.

“ಅಳತೆಯೂ ಇಲ್ಲ, ಮಣ್ಣೂ ಇಲ್ಲ. ಈ ಇಡೀ ಬಂಡೆ ನಮ್ದು. ನೀವು ಕೂತಿರೋದು ನಮ್ಮ ಜಾಗದಲ್ಲಿ.”

“ಯಾವಾಗ್ಲಿಂದ?” ಎಂದು ಮೊಂಡಿ ಕೇಳಿದಳು.

“ಯಾವಾಗ್ಲಿಂದ ಅಂದ್ರೆ? ಯಾವಾಗ್ಲೂ.”

ಪೊಲೀಸರು ಒಬ್ಬೊಬ್ಬರದಾಗಿ ಹೆಸರು ಬರೆದುಕೊಳ್ಳತೊಡಗಿದರು. ಕಲ್ಲನ್ನು ಯಾರೂ ಮುಟ್ಟಬಾರದು, ಅದು ಸಾಕ್ಷಿ ಎಂದು ಕಟ್ಟಪ್ಪಣೆ ಮಾಡಿದರು. ಮೊಂಡಿ ಎದ್ದು ಸುಣ್ಣದ ಗೆರೆಯನ್ನು ನೋಡಿದಳು, ತಿರುಗಿ ಕಲ್ಲನ್ನು ನೋಡಿದಳು. ನಾದಿನಿಯ ರಟ್ಟೆ ಹಿಡಿದಳು.

“ಅವತ್ತು ಮಂಚ ಹೋಗ್ಬೇಕಾದ್ರೆ ನಾನೆಲ್ಲಿ ನಿಂತಿದ್ದೆ?”

“ಕಲ್ಲಿನ ಹತ್ರ.”

“ಕಲ್ಲಿನ ಹತ್ರ ಅಂದ್ರೆ ಎಲ್ಲಿ?”

ನಾದಿನಿಯ ಕಣ್ಣು ಸುಣ್ಣದ ಗೆರೆಗೆ ಹೋಯಿತು.

“ಅಮ್ಮನ ರಾಜ್ಯದಲ್ಲೇ ನಿಂತಿದ್ದೆ ಕಣೇ,” ಎಂದಳು ಮೊಂಡಿ. “ತಿಂಗಳುಗಟ್ಟಲೆ ಅಲ್ಲೇ ಕೂತು ಆ ಬೋಳಿಮಗ ಧಣಿಗೆ ಕಲ್ಲು ಒಡೆದು ಕೊಟ್ಟಿದೀನಿ. ಇಳಿದು ಹೋಗೋಕೆ ಮಾತ್ರ ಹೆದರಿಕೊಂಡು ಕೂತಿದ್ದೆ.”

*

ಧಣಿಯ ಕೋಣೆಯಲ್ಲಿ ನಡತೆ ಸಾಹೇಬ ಟೀ ಕುಡಿಯುತ್ತಿದ್ದ. ಧಣಿ ತಿರುಗುಕುರ್ಚಿಯಲ್ಲಿ ಒರಗಿದ್ದ. ಅವನ ಮುಂದೆ ನುಣುಪು ಮಾಡಿದ ಕಲ್ಲಿನ ಮಾದರಿ ತುಂಡುಗಳಿದ್ದವು, ಆ ಆನೆಬೆನ್ನಿನವೇ. ಮೇಸ್ತ್ರಿ ಬಾಗಿಲಿಗೆ ಆನಿಕೊಂಡಿದ್ದ. ಅತ್ತಿಗೆ ನಾದಿನಿ ಒಳಗೆ ಬಂದಾಗ ಅವನು ದಾರಿ ಬಿಟ್ಟಿದ್ದು ಒಬ್ಬರು ಮೈ ತಾಕಿಸಿಕೊಂಡೇ ಹೋಗುವಷ್ಟು.

“ನೀನು ಹೊರಗೆ ಹೋಗಿದೀಯ ಅಂತ ಆ ರಾಜ್ಯದ ಪೊಲೀಸ್ರೇ ಬರೆದು ಕಳಿಸಿದಾರೆ,” ಎಂದ ಸಾಹೇಬ. “ಷರತ್ತು ಮುರಿದ ಹಾಗಾಯ್ತು. ನಾಳೆ ಕೋರ್ಟಿಗೆ ಒಪ್ಪಿಸ್ತೀನಿ. ಪಕ್ಕಕ್ಕಿಟ್ಟ ಸಜೆ ಅನುಭವಿಸಬೇಕಾಗುತ್ತೆ.”

“ನಾನು ಹೋಗಿಲ್ಲ ಸಾಹೇಬ್ರೇ. ಕಳಿಸಿದ್ರು.”

“ಯಾರು?”

ಮೊಂಡಿ ಧಣಿಯ ಕಡೆ ನೋಡಿದಳು. ಧಣಿ ಒಂದು ಕಲ್ಲಿನ ತುಂಡನ್ನು ಬೆರಳಿಂದ ಒರೆಸಿದ.

“ನಾನ್ಯಾಕೆ ಕಳಿಸ್ಲಿ? ನನ್ನ ಲೈಸೆನ್ಸು ಹಳೇ ಜಾಗದವರೆಗೆ. ಲೋಕಕ್ಕೆಲ್ಲ ಗೊತ್ತು. ಆಳುಗಳು ಏನು ಮಾಡ್ತಾರೆ ಅಂತ ನಾನು ಬಂಡೆ ಮೇಲೆ ಕೂತು ಕಾಯೋಕಾಗುತ್ತಾ?” ಆಮೇಲೆ ದನಿ ಇಳಿಸಿ, ಮನೆಯವರ ಹತ್ತಿರ ಮಾತಾಡುವಂತೆ ಹೇಳಿದ: “ನೋಡು, ಹೇಗಿದ್ರೂ ನೀನು ಒಳಗೆ ಹೋಗ್ತೀಯ. ಕಲ್ಲು ಕಿತ್ತಿದ್ದು ನಾನೇ, ಆ ಕಡೆ ಬಂಡೆ ಕದ್ದು ಒಡೆದು ಮಾರ್ಕೋತಿದ್ದೆ ಅಂತ ಒಂದು ಮಾತು ಹೇಳ್ಬಿಡು. ಅದಕ್ಕೊಂದು ಜೈಲು ಇದಕ್ಕೊಂದು ಜೈಲು ಅಂತ ಇರಲ್ಲ. ನಿನ್ನ ನಾದಿನಿ ಶೆಡ್ಡಲ್ಲೇ ಇರ್ಲಿ. ನಾವಿಲ್ವಾ ನೋಡ್ಕೊಳ್ಳೋಕೆ?”

ಬಾಗಿಲಲ್ಲಿ ಮೇಸ್ತ್ರಿ ಗಂಟಲು ಸರಿಮಾಡಿಕೊಂಡ.

ಸಾಹೇಬ ಗೋಡೆಯ ಕ್ಯಾಲೆಂಡರನ್ನು ಮೊದಲ ಸಲ ನೋಡುವವನಂತೆ ನೋಡುತ್ತಿದ್ದ.

“ಸಾಹೇಬ್ರೇ, ಒಂದು ಮಾತು,” ಎಂದಳು ಮೊಂಡಿ. “ಅಮ್ಮನ್ನ ನೋಡೋಕೆ ನಾನು ಹೋಗಿದ್ರೆ ಏನಾಗ್ತಿತ್ತು?”

“ಸಜೆ. ಹೇಳಿದ್ನಲ್ಲ.”

“ಹೋಗದೆ ಇದ್ದಿದ್ದಕ್ಕೆ?”

ಸಾಹೇಬ ಟೀ ಲೋಟ ಕೆಳಗಿಟ್ಟ. “ಕಾನೂನಿನ ಪ್ರಕಾರ ಅದು ಬೇರೆ ವಿಷಯ.”

“ಸಜೆ ಅದೇ ತಾನೆ?”

“ಸಜೆ ಅದೇ.”

ಸಾಹೇಬನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ತಲೆ ಚಚ್ಚಿಕೊಳ್ಳಬೇಕೆಂದರೂ ಎದುರಿಗೊಂದು ಗೋಡೆ ಗಟ್ಟಿಯಾಗಿ ಸಿಗಬೇಕು. ಈ ಮನುಷ್ಯ ಹತ್ತಿಯ ಮೂಟೆ. ಅವಳು ಧಣಿಯ ಕಡೆ ತಿರುಗಿದಳು.

“ನಿನ್ನ ಬಾಯಿಗೆ ಜಲ್ಲಿ ಹಾಕ. ನೀನು ಕದ್ದಿದ್ದನ್ನ ನಾನು ಹೊರ್ಬೇಕಾ? ಹೊತ್ತಿದ್ದು ಸಾಕಾಗ್ಲಿಲ್ವಾ?”

“ನೋಡಿದ್ರಾ ನಡತೇನ,” ಎಂದ ಧಣಿ ಸಾಹೇಬನಿಗೆ.

“ಬೆಳಗ್ಗೆ ಪೊಲೀಸ್ ಜೀಪು ಬರುತ್ತೆ,” ಎಂದ ಸಾಹೇಬ, ಎದ್ದು ನಿಲ್ಲುತ್ತ. “ಶೆಡ್ಡಲ್ಲೇ ಇರು. ಅಷ್ಟರೊಳಗೆ ರಾಜ್ಯ ಬಿಟ್ಟು ಓಡಿಹೋದ್ರೆ ಅದಿನ್ನೊಂದು ಕೇಸು.”

ಶೆಡ್ಡಿಗೆ ಬಂದು ನಾದಿನಿ ಒಲೆ ಹಚ್ಚಿದಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು.

“ಹೋಗೇಬಿಡೋಣ ಅತ್ತಿಗೆ. ಹೆಂಗಿದ್ರೂ ಸಜೆ ಇದ್ದಿದ್ದೇ. ಅಮ್ಮನ ಮಣ್ಣಾದ್ರೂ ನೋಡ್ಬಾ. ನಾನು ನಿಮ್ಮಣ್ಣನ ಮನೇಲಿ ಇರ್ತೀನಿ. ಈ ನಾಯಿ ಕಾಯೋ ಬಾಗಿಲಲ್ಲಿ ನಾನು ಮಲಗಲ್ಲ.”

“ಹೋಗೋಣ. ಆದ್ರೆ ರಾಜ್ಯ ಬಿಟ್ಟು ನಾನು ಹೋಗಲ್ಲ.”

“ಅಂದ್ರೆ?”

“ಬಿಟ್ಟು ಹೋದ್ಲು ಅಂತ ಅವರ ಬಾಯಿಗೆ ಯಾಕೆ ಕೊಡ್ಲಿ? ರಾಜ್ಯಾನೂ ಕರ್ಕೊಂಡೇ ಹೋಗ್ತೀನಿ.” ಮೊಂಡಿ ಕೈ ತೊಳೆದಳು. “ಹಾರೆ ಎಲ್ಲಿಟ್ಟಿದೀಯ?”

*

ಬೆಳಕು ಹರಿದ ಮೇಲೆಯೇ ಹೋದರು. ಕದ್ದು ಮಾಡುವ ಕೆಲಸವಲ್ಲ ಅದು. ಶೆಡ್ಡುಗಳವರು ಹಲ್ಲುಜ್ಜುತ್ತ ನಿಂತು ನೋಡಿದರು. ಇಬ್ಬರು ಹೆಂಗಸರು ಹಾರೆ ಹೊತ್ತು ಸುಣ್ಣದ ಗೆರೆ ದಾಟಿ ಆನೆಬೆನ್ನಿನ ಮೇಲೆ ನಡೆದು ಗಡಿಕಲ್ಲಿನ ಹತ್ತಿರ ನಿಂತರು. ಮೊಂಡಿ ತಾನೇ ಗುದ್ದಿದ್ದ ಜಲ್ಲಿಯನ್ನು ತಾನೇ ಕೆದಕಿ ತೆಗೆದಳು. ಸನ್ನೆ ಹಾಕಿದರು. ಕಲ್ಲು ಅಲುಗಿತು, ಏಳಲಿಲ್ಲ.

“ಏಯ್, ಅದು ಸಾಕ್ಷಿ ಕಣ್ರೇ, ಮುಟ್ಬೇಡಿ,” ಎಂದು ಮೇಸ್ತ್ರಿ ಕೆಳಗಿನಿಂದಲೇ ಅರಚಿದ. ಕಾಲು ಕುಂಟಾದ್ದರಿಂದ ಬಂಡೆ ಹತ್ತುವುದು ಅವನಿಗೆ ತಡವಾಗುತ್ತಿತ್ತು.

ಆಗ ಆ ಕುಳಿ ಹೊಡೆಯುವ ಮುದುಕ ಎದ್ದು ಬಂದ. ಏನೂ ಕೇಳಲಿಲ್ಲ. ಮೂರನೆಯ ಹಾರೆಯನ್ನು ಬುಡಕ್ಕೆ ಕೊಟ್ಟ. ಅವನ ಹಿಂದೆ ಇನ್ನಿಬ್ಬರು ಹೆಂಗಸರು ಬಂದರು. ಕಲ್ಲು ಎದ್ದು ಅಡ್ಡ ಬಿತ್ತು. ಮುದುಕ ಸೊಂಟ ಹಿಡಿದುಕೊಂಡು, “ಎಲ್ಲಿಗೆ ಮಗಳೇ?” ಎಂದ.

“ಅಮ್ಮನ ಮನೆಗೆ.”

“ಸರಿ,” ಎಂದ ಮುದುಕ, ಮೇಸ್ತ್ರಿ ಹತ್ತಿ ಬರುವ ದಾರಿಗೆ ಅಡ್ಡವಾಗಿ ಕೂತು ಬೀಡಿ ಹಚ್ಚಿದ.

ಇಳಿಜಾರಿನಲ್ಲಿ ಕಲ್ಲು ಮೊದಲು ನಿಧಾನವಾಗಿ ಉರುಳಿತು, ಆಮೇಲೆ ತನ್ನ ಪಾಡಿಗೆ ಧಡಧಡ ಓಡತೊಡಗಿತು. ಇಬ್ಬರೂ ಅದರ ಹಿಂದೆ ಓಡಿದರು. ಒಣಹುಲ್ಲು ಮುರಿಯುತ್ತಿತ್ತು, ಸಣ್ಣ ಕಲ್ಲುಗಳು ಸಿಡಿಯುತ್ತಿದ್ದವು. ಒಂದು ಕಡೆ ಕಲ್ಲು ಪೊದೆಗೆ ಸಿಕ್ಕಿ ತಡೆಯಿತು, ಓಟದ ಭರಕ್ಕೆ ಮೊಂಡಿ ಅದನ್ನು ದಾಟಿಹೋಗುವುದರಲ್ಲಿದ್ದಳು.

“ಅತ್ತಿಗೇ, ನಿಲ್ಲು, ಮುಂದೆ ಹೋಗ್ಬೇಡ,” ಎಂದು ನಾದಿನಿ ಸೆರಗು ಹಿಡಿದೆಳೆದಳು. “ರಾಜ್ಯ ದಾಟಿಬಿಟ್ಟೀಯ.”

ಅಮ್ಮ ಸತ್ತ ಮೇಲೆ ಮೊಂಡಿ ನಕ್ಕಿದ್ದು ಅದೇ ಮೊದಲು. ನಗುತ್ತಲೇ ಕಲ್ಲಿನ ಹಿಂದೆ ಬಂದು, ಪೊದೆಯಿಂದ ಬಿಡಿಸಿ, ಕಾಲಿಂದ ಒದ್ದಳು. ಕಲ್ಲು ಮತ್ತೆ ಹೊರಟಿತು.

ಮೇಲೆ ಜೀಪಿನ ಸದ್ದು ಕೇಳಿತು. ಸುಣ್ಣದ ಗೆರೆಯವರೆಗೆ ಬಂದು ಅದು ಗಕ್ಕನೆ ನಿಂತಿತು. ಇಬ್ಬರು ಪೊಲೀಸರು ಇಳಿದರು, ಸಾಹೇಬನೂ ಇಳಿದ. ಒಬ್ಬ ಪೊಲೀಸ್ ಗೆರೆಯಾಚೆ ಬೂಟು ಇಡಲು ಹೋಗಿ, ಸಾಹೇಬನ ಮುಖ ನೋಡಿ ಹಿಂದಕ್ಕೆ ತೆಗೆದ. ಆ ರಾಜ್ಯಕ್ಕೆ ಹೋಗಿ ಹಿಡಿಯಲು ಅವರಿಗೂ ಅಪ್ಪಣೆ ಬೇಕಿತ್ತು.

“ಏ ಹುಡುಗೀ,” ಎಂದು ಸಾಹೇಬ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. “ವಾಪಸ್ ಬಾ. ರಾಜ್ಯ ದಾಟಿದೀಯ ನೀನು.”

“ಎಲ್ಲಿ ದಾಟಿದೀನಿ?” ಮೊಂಡಿಯ ದನಿ ಇಳಿಜಾರಿನ ಕೆಳಗಿನಿಂದ ಹತ್ತಿ ಬಂತು. “ಕಲ್ಲು ಇನ್ನೂ ನನ್ನ ಮುಂದಿದೆ, ನೋಡಿ.”

“ಅದು ಗಡಿ ಅಲ್ಲ.”

“ಕಲ್ಲು ಎಲ್ಲಿದ್ಯೋ ಗಡಿ ಅಲ್ಲಿ. ನಿಮ್ಮ ಧಣಿ ಮೇಸ್ತ್ರಿ ಬಾಯಲ್ಲಿ ಹೇಳಿಸಿರೋದು. ಕೇಳಿ ಅವರನ್ನ, ಅಲ್ಲೇ ಇದಾರಲ್ಲ.”

ಧಣಿಯ ಕಾರು ಜೀಪಿನ ಹಿಂದೆ ಬಂದು ನಿಂತಿತ್ತು. ಅದರ ಕಿಟಕಿ ಇಳಿಯಲಿಲ್ಲ. ಗೆರೆಯ ಮೇಲೆ ಜೀಪು ಹಾರನ್ ಹೊಡೆಯುತ್ತ ನಿಂತಿತು. ವೈರ್‌ಲೆಸ್‌ನಲ್ಲಿ ಯಾರೋ ಯಾರನ್ನೋ ಅಪ್ಪಣೆ ಕೇಳುತ್ತಿದ್ದರು.

ಕಲ್ಲು ಹಳ್ಳದ ಮರಳಿಗೆ ಇಳಿದು, ಅರ್ಧ ಹೂತು, ನಿಂತಿತು. ಇನ್ನು ಇಳಿಜಾರು ಇರಲಿಲ್ಲ. ಆಚೆ ದಂಡೆಯ ಮೇಲೆ ಎಡಕ್ಕೆ ಹೊಸ ಮಣ್ಣಿನ ದಿಬ್ಬ ಕಾಣುತ್ತಿತ್ತು. ಬಲಕ್ಕೆ ತಗಡಿನ ಮಾಡಿನ ಮೇಲೆ, ಯಾರಿಗೂ ತೆಗೆಯಲು ಮನಸ್ಸಾಗದೆ, ನೀಲಿ ಸೀರೆ ಇನ್ನೂ ಹಾಗೇ ಇತ್ತು. ದಂಡೆಯ ಮೇಲೆ ಅಣ್ಣ ಕಾಣಿಸಿಕೊಂಡ. ಅವನ ಹಿಂದೆ, ದೂರದ ರಸ್ತೆಯಲ್ಲಿ, ಆ ರಾಜ್ಯದ ಜೀಪು ದೂಳೆಬ್ಬಿಸಿಕೊಂಡು ಬರುತ್ತಿತ್ತು.

ನಾದಿನಿ ಅತ್ತ ನೋಡಿದಳು, ಇತ್ತ ನೋಡಿದಳು.

ಮೊಂಡಿ ಯಾವ ಕಡೆಗೂ ನೋಡಲಿಲ್ಲ. ಹಾರೆಯ ಚೂಪನ್ನು ಕಲ್ಲಿನ ಬುಡದ ಮರಳಿಗೆ ತೂರಿಸಿ, ಅಂಗೈಗೆ ಉಗುಳಿಕೊಂಡಳು.

“ಸನ್ನೆ ಹಾಕು,” ಎಂದಳು.